ಹುಟ್ಟಿದ ದಿನ ಬರೆದುಕೊಟ್ಟ ಮಾಸ್ಟ್ರು

ಪತ್ರಿಕಾ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ಹೆಸರು ಹಾಕಿ ಎಂದು ಕೇಳುತ್ತಾರೆ. ಕೆಲವರು ಹೆಸರು ಹಾಕಬೇಡಿ ಎನ್ನುತ್ತಾರೆ. ತಾವು ಮಾಡಿದ ತಪ್ಪನ್ನು ಅಚ್ಚು ಹಾಕಿ ಎಂದು ಕೇಳಿಕೊಂಡು ಬಂದವರನ್ನು ನನ್ನ ವೃತ್ತಿಯಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಕಳೆದ ತಿಂಗಳು ತೀರಿಕೊಂಡರು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರು ಬರೆದ ತಾರೀಕುಗಳನ್ನು ನಂಬಿಕೊಂಡು ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಹಡಗುಗಳಲ್ಲಿ ಇನ್ನೂ ಅನೇಕರು ಕೆಲಸದಲ್ಲಿದ್ದಾರೆ. ಅವರಿಗೆ ತೊಂದರೆಯಾಗಬಾರದು.

ಕೊಡಿಯಾಲ್‌ಬೈಲಿನ ಒಂದು ಅನುದಾನಿತ ಶಾಲೆಯಲ್ಲಿ ಅವರು ಒಂದನೇ ತರಗತಿಯ ಮಾಸ್ಟ್ರು. ಅದೇ ಆವರಣದಲ್ಲಿ ಹೈಸ್ಕೂಲೂ ಇತ್ತು. ಅಕ್ಷರ ದುಂಡಗಿದ್ದುದರಿಂದ ಇಡೀ ಶಾಲೆಯ ದಾಖಲಾತಿ ರಿಜಿಸ್ಟರನ್ನು ಅವರಿಗೇ ವಹಿಸಿದ್ದರು. ದೇರೆಬೈಲಿನಲ್ಲಿ ಒಂದೇ ಧಣಿಯ ಎರಡು ಬಾಡಿಗೆ ಮನೆಗಳಲ್ಲಿ ನಾವು ಅಕ್ಕಪಕ್ಕ ಇದ್ದೆವು. ಬೆಳಗ್ಗೆ ಒಟ್ಟಿಗೆ ನಡೆದು ಪೇಟೆಗೆ ಬರುತ್ತಿದ್ದೆವು.

ಇಪ್ಪತ್ತಕ್ಕೂ ಹೆಚ್ಚು ವರ್ಷ ಸಣ್ಣ ಮಕ್ಕಳೊಡನೆ ಕಳೆದ ಮನುಷ್ಯನ ದೇಹವೇ ಬೇರೆ ರೀತಿ ಆಗಿರುತ್ತದೆ. ಅವರು ಯಾರೊಡನೆ ಮಾತಾಡುವಾಗಲೂ ಮೊಣಕಾಲು ಸ್ವಲ್ಪ ಬಗ್ಗಿಸುತ್ತಿದ್ದರು. ಎದುರಿಗೆ ನಿಂತವರು ಕಲೆಕ್ಟರ್ ಕಚೇರಿಯ ಹೆಡ್ ಗುಮಾಸ್ತರೇ ಆಗಿರಲಿ. ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ಚೂರು. ಸ್ವರ ಏರಿಸಿದ್ದನ್ನು ನಾನು ಕೇಳಿಲ್ಲ. ಗಲಾಟೆ ಹೆಚ್ಚಾದಾಗ ಅವರು ದನಿ ಇನ್ನಷ್ಟು ತಗ್ಗಿಸುತ್ತಿದ್ದರು, ಮಕ್ಕಳು ಕೇಳಿಸಿಕೊಳ್ಳಲು ತಾವಾಗಿಯೇ ಸುಮ್ಮನಾಗುತ್ತಿದ್ದರು. ಸಂಪಾದಕೀಯ ಸಭೆಯಲ್ಲಿ ನಾನು ಈ ಉಪಾಯವನ್ನು ಪ್ರಯೋಗಿಸಿ ನೋಡಿದ್ದುಂಟು. ಫಲ ಸಿಗಲಿಲ್ಲ.

ದಾರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸಿಗುತ್ತಿದ್ದರು. ಒಮ್ಮೆ ಅಂಚೆ ಕಚೇರಿಯ ಒಬ್ಬ ಗುಮಾಸ್ತ ಸೈಕಲ್ ಇಳಿದು ಕೈಮುಗಿದ.

"ಹೇಗಿದ್ದಿ ಮಾರಾಯ? ವಯಸ್ಸೆಷ್ಟಾಯ್ತು?" ಎಂದು ಕೇಳಿದರು.

"ಕಾಗದದಲ್ಲಿ ಹೇಳ್ಬೇಕಾ ಮಾಸ್ಟ್ರೇ, ನಿಜದಲ್ಲಿ ಹೇಳ್ಬೇಕಾ?"

"ಎರಡೂ ನನಗೆ ಗೊತ್ತುಂಟು. ನಿನಗೆ ನೆನಪುಂಟಾ ಅಂತ ಕೇಳಿದ್ದು."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆಗ ಅದು ನಗುವ ಸಂಗತಿಯೇ ಆಗಿತ್ತು.

ಸಂಗತಿ ಇಷ್ಟು. ಒಂದನೇ ತರಗತಿಗೆ ಸೇರಲು ಐದು ವರ್ಷ ತುಂಬಿರಬೇಕು. ನಮ್ಮ ಕಡೆ ಬಹುಪಾಲು ತಂದೆತಾಯಿಗಳಿಗೆ ಮಗು ಹುಟ್ಟಿದ ತಾರೀಕು ತಿಳಿಯದು. ಆದ್ದರಿಂದ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡ ಕಿವಿ ಮುಟ್ಟಿಸುವುದು ವಾಡಿಕೆ. ಮುಟ್ಟಿದರೆ ಐದಾಯಿತೆಂದು ಲೆಕ್ಕ. ಆ ಮೇಲೆ ಮಾಸ್ಟ್ರು ಐದು ವರ್ಷ ಹಿಂದಿನ ಜೂನ್ ಒಂದನೇ ತಾರೀಕನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಐದು ತುಂಬಬೇಕಲ್ಲ! ಅವರ ರಿಜಿಸ್ಟರಿನಲ್ಲಿ ಪುಟಗಟ್ಟಲೆ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದರು.

ನನ್ನ ಮಗನನ್ನು ಸೇರಿಸಲು ಹೋದ ದಿನ ಈ ಪರೀಕ್ಷೆಯನ್ನು ಕಣ್ಣಾರೆ ಕಂಡೆ. ಐವತ್ತೊಂದನೆಯ ಇಸವಿ. ನಮಗಿಂತ ಮುಂದೆ ಬಂದರಿನ ಮೋನಬ್ಬ ನಿಂತಿದ್ದರು. ದೋಣಿಗಳು ಬಂದು ನಿಲ್ಲುವ ದಕ್ಕೆಯ ಹತ್ತಿರ ಒಣಮೀನಿನ ಅಂಗಡಿ ಅವರದು. ಹೆಗಲ ಮೇಲೆ ಮಗ ಹಮೀದ.

"ಮಗು ಹುಟ್ಟಿದ್ದು ಯಾವಾಗ?"

"ಸ್ವಾತಂತ್ರ್ಯದ ಬಾವುಟ ಹಾರಿಸಿದ್ರಲ್ಲ ಮಾಸ್ಟ್ರೇ, ಅದಾಗಿ ಎರಡು ತಿಂಗಳಿಗೆ."

"ಹಾಗಾದ್ರೆ ನಾಲ್ಕೂ ಆಗ್ಲಿಲ್ಲ ಮಾರಾಯ. ಐದು ಆಗ್ಬೇಕು."

"ಆಗ್ಬೇಕಾದ್ರೆ ನೀವೇ ಮಾಡಿ. ಮನೆಯಲ್ಲಿ ನಿಲ್ಲುವುದಿಲ್ಲ ಇವ. ಕಳೆದ ವಾರ ದಕ್ಕೆಯಿಂದ ನೀರಿಗೆ ಬಿದ್ದ. ಇನ್ನೊಮ್ಮೆ ಬಿದ್ರೆ ಎತ್ತಲಿಕ್ಕೆ ಯಾರಿದ್ದಾರೆ?"

ಮಾಸ್ಟ್ರು ಹುಡುಗನ ಕೈಯನ್ನು ತಲೆಯ ಮೇಲೆ ಹಾಯಿಸಿದರು. ಕಿವಿಗೆ ಎರಡು ಬೆರಳು ಕಡಿಮೆ ಬಿತ್ತು. ಅವರು ತೋರುಬೆರಳಿನಿಂದ ಹುಡುಗನ ತಲೆಯನ್ನು ಮೆಲ್ಲಗೆ ವಾಲಿಸಿದರು. ಮುಟ್ಟಿತು. "ಐದಾಯ್ತು" ಎಂದು ಬರೆದುಕೊಂಡರು: ಒಂದು ಜೂನ್ ನಲವತ್ತಾರು.

ನನ್ನ ಸರದಿ ಬಂದಾಗ ನಾನು ಮಗನ ಹುಟ್ಟಿದ ತಾರೀಕು, ಗಂಟೆ, ಆಸ್ಪತ್ರೆ ಎಲ್ಲ ಹೇಳಿದೆ. ನಲವತ್ತೇಳರ ಆಗಸ್ಟ್. ಹಮೀದನಿಗಿಂತ ಎರಡು ತಿಂಗಳು ದೊಡ್ಡವ.

"ಪೇಪರಿನವರು" ಎಂದರು. "ತಾರೀಕು ಬಾಯಲ್ಲೇ ಉಂಟು. ಹಾಗಾದ್ರೆ ಐವತ್ತಮೂರಕ್ಕೆ ಕರ್ಕೊಂಡು ಬನ್ನಿ."

ಎರಡು ವರ್ಷ ಕಾದೆವು. ನಿಜ ಹೇಳಿದ್ದಕ್ಕೆ ನನಗೆ ಹೆಮ್ಮೆಯಿತ್ತು.

ಇದರಲ್ಲಿ ಅವರ ಕರುಣೆ ಮಾತ್ರ ಇತ್ತೆಂದು ನಾನು ಹೇಳಲಾರೆ. ಅನುದಾನಿತ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಮಾಸ್ಟ್ರ ಹುದ್ದೆಯೂ ಹೋಗುತ್ತದೆ. ಅದನ್ನು ಅವರೇ ನನಗೆ ಹೇಳಿದ್ದರು. "ಅವರಿಗೂ ಉಪಕಾರ, ನನಗೂ ಉಪಕಾರ. ಯಾರಿಗೆ ನಷ್ಟ ಹೇಳಿ?" ಎಂದು. ನಷ್ಟ ಆಮೇಲೆ ನಿಧಾನವಾಗಿ ಕಾಣಿಸಿತು. ನಾಲ್ಕು ತುಂಬುವ ಮೊದಲೇ ಬೆಂಚಿನಲ್ಲಿ ಕುಳಿತ ಮಕ್ಕಳು ಮೇಲಿನ ತರಗತಿಗಳಲ್ಲಿ ಫೇಲಾಗತೊಡಗಿದರು. ಹಮೀದ ಎರಡು ಸಲ ಫೇಲಾದ. ಅದೇ ದಿನಗಳಲ್ಲಿ ಸೇರಿದ್ದ ಕುಲಶೇಖರದ ಸಂಜೀವನೂ ಎರಡು ಸಲ ಫೇಲಾದ. ಸಂಜೀವನ ತಾಯಿ ಗಿರಿಜಕ್ಕ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದವರು. ಗಂಡ ಇರಲಿಲ್ಲ, ಮಗುವನ್ನು ಬಿಡಲು ಬೇರೆ ಜಾಗ ಇರಲಿಲ್ಲ. ಹೀಗಾಗಿ ಅರುವತ್ತಮೂರರಲ್ಲಿ ಹಮೀದ, ಸಂಜೀವ, ನನ್ನ ಮಗ ಮೂವರೂ ಎಸ್ಸೆಸ್ಸೆಲ್ಸಿಯ ಒಂದೇ ತರಗತಿಯಲ್ಲಿದ್ದರು. ಮೂವರಿಗೂ ಹದಿನಾರು ತುಂಬಿರಲಿಲ್ಲ. ರಿಜಿಸ್ಟರಿನ ಪ್ರಕಾರ ಮಾತ್ರ ಹಮೀದನಿಗೂ ಸಂಜೀವನಿಗೂ ಹದಿನೇಳು ದಾಟಿತ್ತು.

ಚೀನಾದೊಡನೆ ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಸೈನ್ಯಕ್ಕೆ ಜನ ಬೇಕಿತ್ತು. ಜುಲೈಯಲ್ಲಿ ಭರ್ತಿಯ ತಂಡವೊಂದು ಮೈದಾನದ ಬಳಿ ಶಿಬಿರ ಹಾಕಿತು. ಮಾಸ್ಟ್ರ ಶಾಲೆಯ ಹೆಡ್‌ಮಾಸ್ಟ್ರು ಅವರನ್ನು ಶಾಲೆಗೇ ಆಹ್ವಾನಿಸಿದರು. ಹದಿನೇಳು ದಾಟಿದ ಹುಡುಗರ ಪಟ್ಟಿ ಮಾಡುವ ಕೆಲಸ ಮಾಸ್ಟ್ರಿಗೆ ಬಂತು.

ಅವರು ಒಂಬತ್ತು ಹೆಸರು ಬರೆದರು. ಹೆಡ್‌ಮಾಸ್ಟ್ರು ರಿಜಿಸ್ಟರ್ ತೆರೆದು ತಾಳೆ ನೋಡಿದರು.

"ಇನ್ನು ಇಬ್ಬರು ಇದ್ದಾರಲ್ಲ? ಹಮೀದ, ಸಂಜೀವ?"

"ಅವರು ಸಣ್ಣವರು ಸರ್."

"ಯಾರು ಹೇಳಿದ್ದು? ಇಲ್ಲಿ ನೀವೇ ಬರೆದದ್ದು ಉಂಟು."

ಮಾಸ್ಟ್ರು ಎರಡು ಹೆಸರು ಸೇರಿಸಿದರು. ಇದನ್ನು ಅವರೇ ನನಗೆ ಹೇಳಿದ್ದು, ಆ ಸಂಜೆ ಮನೆಗೆ ನಡೆಯುವಾಗ.

ಮರುದಿನ ನಾನು ವರದಿಗೆ ಹೋಗಿದ್ದೆ. ಡ್ರಿಲ್ ಶೆಡ್ಡಿನಲ್ಲಿ ತೂಕದ ಯಂತ್ರ, ಎತ್ತರ ಅಳೆಯುವ ಕೋಲು. ಹೊರಗೆ ಜಡಿಮಳೆ. ಮೇಲಿನ ತರಗತಿಗಳ ಹುಡುಗರೆಲ್ಲ ಸಾಲಾಗಿ ನಿಂತಿದ್ದರು. ಹುಡುಗರಿಗೆ ಪರಿಚಿತ ದನಿ ಇರಲಿ ಎಂದು ಹೆಸರು ಕೂಗುವ ಕೆಲಸವನ್ನು ಹೆಡ್‌ಮಾಸ್ಟ್ರು ಇವರಿಗೇ ಕೊಟ್ಟರು. ಇವರು ಒಂದನೇ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದ ಅದೇ ತಗ್ಗಿದ ಸ್ವರದಲ್ಲಿ ಓದಿದರು. ಒಬ್ಬೊಬ್ಬನೂ "ಸರ್" ಎಂದು ಒಂದು ಹೆಜ್ಜೆ ಮುಂದೆ ಬಂದ. ಹನ್ನೊಂದಕ್ಕೆ ಹನ್ನೊಂದೂ. ನನ್ನ ಮಗ ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದ. ಅಳತೆ, ತೂಕ ಆದ ಮೇಲೆ ನಾಲ್ವರನ್ನು ಆರಿಸಿದರು. ಅವರಲ್ಲಿ ಹಮೀದ, ಸಂಜೀವ ಇದ್ದರು. ಹಮೀದ ಖುಷಿಯಲ್ಲಿದ್ದ. ಎರಡು ಸಲ ಫೇಲಾದ ಶಾಲೆಯಲ್ಲಿ ಅವನನ್ನು ಮೊದಲ ಬಾರಿ ಯಾರೋ ಪಾಸು ಮಾಡಿದ್ದರು.

"ಹನ್ನೊಂದು ಮಂದಿ ವಿದ್ಯಾರ್ಥಿಗಳು ಉತ್ಸಾಹದಿಂದ ಮುಂದೆ ಬಂದರು" ಎಂದು ನಾನು ಬರೆದೆ. ಮರುದಿನ ಬೆಳಗ್ಗೆ ಮಾಸ್ಟ್ರು ಪತ್ರಿಕೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು.

"ಉತ್ಸಾಹ ಅಂತ ಬರ್ದಿದ್ದೀರಿ."

"ಬಂದರಲ್ಲ ಮಾಸ್ಟ್ರೇ. ಯಾರೂ ಹಿಂದೆ ನಿಲ್ಲಲಿಲ್ಲ."

"ಅದು ಉತ್ಸಾಹ ಅಲ್ಲ ಮಾರಾಯ್ರೆ, ಹಾಜರಿ. ನಾನು ಹೆಸರು ಕರೆದ್ರೆ ಸರ್ ಅನ್ಬೇಕು ಅಂತ ನಾನೇ ಕಲಿಸಿದ್ದು. ಬೇಡ ಅನ್ಲಿಕ್ಕೆ ಆ ಕಂಪೌಂಡಿನ ಒಳಗೆ ನಾವು ಯಾರೂ ಕಲಿಸ್ಲಿಲ್ಲ."

ಒಂದು ಕಾಗದ ಕೊಟ್ಟರು. ಸಂಪಾದಕರಿಗೆ ಪತ್ರ. ಅದರಲ್ಲಿ ಸೈನ್ಯದ ವಿರುದ್ಧ ಒಂದು ಮಾತೂ ಇರಲಿಲ್ಲ. ಭರ್ತಿಯವರು ಪೇಟೆಯಲ್ಲಿ ಎಲ್ಲಿ ಬೇಕಾದರೂ ಕೂರಲಿ. ಹೋಗಬೇಕೆಂದಿರುವವನು ಮನೆಯಲ್ಲಿ ಹೇಳಿ, ತನ್ನ ಕಾಲಲ್ಲಿ ನಡೆದು ಅಲ್ಲಿಗೆ ಹೋಗಲಿ. ಶಾಲೆಯ ಬಾಗಿಲೊಳಗೆ ಮಾತ್ರ ಬೇಡ ಎಂದಿತ್ತು. ಕೊನೆಯಲ್ಲಿ, ರಿಜಿಸ್ಟರಿನ ವಯಸ್ಸುಗಳನ್ನು ನಂಬಬಾರದು, ಅವನ್ನು ಬರೆದವನು ನಾನೇ ಎಂದು ಸಹಿ.

ಸಂಪಾದಕರು ಎರಡು ಸಲ ಓದಿದರು. ಚೀನಾ ಯುದ್ಧದ ಕಾಲಕ್ಕೆ ಹೇರಿದ್ದ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. "ಶಾಲೆಯಲ್ಲಾದರೆ ಹೆಡ್‌ಮಾಸ್ಟರು ಎದುರಿಗಿರುತ್ತಾರೆ, ದಾಖಲೆ ಇರುತ್ತದೆ. ಹೊರಗೆ ದಲ್ಲಾಳಿಗಳ ಕೈಗೆ ಬಿದ್ದರೆ ಇನ್ನೂ ಕಷ್ಟ ಅಲ್ಲವೇ?" ಎಂದರು. ತಳ್ಳಿಹಾಕಬಹುದಾದ ವಾದ ಅಲ್ಲ ಅದು. ಪತ್ರ ಪ್ರಕಟವಾಗಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಅಷ್ಟರಲ್ಲಿ ಮೋನಬ್ಬ ಮಾಸ್ಟ್ರ ಮನೆಗೆ ಬಂದರು, ನಾನೂ ಅಲ್ಲಿದ್ದೆ. ಅಂಗಿಯೆಲ್ಲ ಒದ್ದೆ. ಕೊಡೆ ಮಡಚುವ ಮೊದಲೇ ಮಾತು ಶುರು.

"ಮಾಸ್ಟ್ರೇ, ನೀವು ಎಂತ ಮಾಡಿದ್ದು? ನನಗೆ ಇರುವುದು ಅವ ಒಬ್ಬ. ಹದಿನಾರು ಆಗ್ಲಿಲ್ಲ ಅಂತ ನಿಮಗೆ ಗೊತ್ತುಂಟಲ್ಲ!"

"ಗೊತ್ತುಂಟು."

"ಮತ್ತೆ? ನೀರಿಗೆ ಬೀಳುವುದು ಬೇಡ ಅಂತ ನಿಮ್ಮ ಹತ್ರ ತಂದು ಬಿಟ್ಟದ್ದು ನಾನು."

ಮಾಸ್ಟ್ರು ಶಾಲೆಗೆ ಹೋಗಿ, ಹೆಡ್‌ಮಾಸ್ಟ್ರನ್ನು ಕೇಳದೆ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಒಬ್ಬರು ಜೊತೆಗಿರಲಿ ಎಂದು ನನ್ನನ್ನೂ ಕರೆದರು. ಮೂವರೂ ಶಿಬಿರಕ್ಕೆ ಹೋದೆವು.

ಸುಬೇದಾರರು ಘಟ್ಟದ ಮೇಲಿನವರು, ಮೀಸೆ ನರೆತವರು. ಮಾಸ್ಟ್ರು ಹೇಳಿದ್ದನ್ನೆಲ್ಲ ಕೇಳಿ ರಿಜಿಸ್ಟರಿನ ಪುಟ ತಿರುಗಿಸತೊಡಗಿದರು.

"ಇದರಲ್ಲಿ ಸುಳ್ಳು ಯಾವುದು ಸ್ವಾಮಿ?"

"ಜೂನ್ ಒಂದು ಅಂತ ಇದ್ದದ್ದೆಲ್ಲ."

ಇನ್ನೂ ನಾಲ್ಕು ಪುಟ ತಿರುಗಿಸಿ ಸುಬೇದಾರರು ದೊಡ್ಡದಾಗಿ ನಕ್ಕರು. "ನಿಮ್ಮೂರಾಗೆ ಮಿಕ್ಕ ದಿನ ಯಾರೂ ಹುಟ್ಟೋದೇ ಇಲ್ವಾ? ಹೋಗ್ಲಿ ಬಿಡಿ, ನಂದೂ ಹಂಗೇ. ನಮ್ಮೂರ ಮೇಷ್ಟ್ರು ಬರೆದಿದ್ದು. ನಿಜವಾಗ್ಲೂ ಯಾವತ್ತು ಹುಟ್ಟಿದ್ನೋ ನಮ್ಮವ್ವಂಗೂ ಗೊತ್ತಿರ್ಲಿಲ್ಲ."

ನಗು ನಿಲ್ಲಿಸಿ ಒಂದು ಬಿಳಿ ಹಾಳೆ ಮುಂದಿಟ್ಟರು.

"ಬಾಯಿ ಮಾತು ನನಗೆ ಬೇಡ. ಬರೆದು ಸೈನ್ ಹಾಕಿ. ಹುಡುಗನ್ನ ಬಿಟ್ಬಿಡ್ತೀನಿ. ಆದ್ರೆ ಈ ಕಾಗದ ನಿಮ್ಮ ಶಾಲೆಗೂ ಹೋಯ್ತದೆ, ನಿಮ್ಮ ಇಲಾಖೆಗೂ ಹೋಯ್ತದೆ. ಒಬ್ಬನದ್ದು ಬರೀತೀರೋ, ಎಲ್ಲಾರದ್ದೂ ಬರೀತೀರೋ?"

ಆ ಪ್ರಶ್ನೆಗೆ ಅವರು ಉತ್ತರ ಕೊಡಲು ತೆಗೆದುಕೊಂಡ ಹೊತ್ತು ಹೆಚ್ಚೇನೂ ಅಲ್ಲ. ಮೋನಬ್ಬರ ಮುಖ ನೋಡಿದರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಎಲ್ಲರದ್ದೂ ಬರೆದರೆ ಇಪ್ಪತ್ತು ವರ್ಷಗಳಲ್ಲಿ ಸೇರಿದ ಮಕ್ಕಳ ಸರ್ಟಿಫಿಕೇಟುಗಳು ಒಂದೇ ಸಲ ಸುಳ್ಳಾಗುತ್ತಿದ್ದವು.

"ಒಬ್ಬನದ್ದು" ಎಂದರು.

ಹಮೀದನ ಹೆಸರು ಬರೆದು ಸಹಿ ಮಾಡಿದರು. ಸಂಜೀವನ ತಾಯಿ ಬಂದಿರಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ. ಸಂಜೀವನ ವಯಸ್ಸು ನನಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಇಲಾಖೆಯಿಂದ ವಿವರಣೆ ಕೇಳಿ ಪತ್ರ ಬಂತು. ರಿಜಿಸ್ಟರನ್ನು ಅವರ ಕೈಯಿಂದ ತೆಗೆದರು. ಹೆಡ್‌ಮಾಸ್ಟ್ರು ಮಾತು ಬಿಟ್ಟರು. ಇದಾವುದನ್ನೂ ಅವರು ದೂರಿನಂತೆ ಹೇಳಿದ್ದಿಲ್ಲ. ಅವರಿಗೆ ನೋವಾದದ್ದು ಹಮೀದನಿಂದ. ಹುಡುಗ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತ. ಬಂದರಿನ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ಒಮ್ಮೆ ಮಾತ್ರ ನಿಂತು, "ಸಂಜೀವನಿಗೆ ಯೂನಿಫಾರ್ಮ್ ಸಿಕ್ಕಿತು. ನನಗೆ ಸಿಕ್ಕಿದ್ದು ಒಣಮೀನು" ಎಂದನಂತೆ. "ಅವ ಹೇಳುವುದರಲ್ಲಿ ತಪ್ಪಿಲ್ಲ. ಅವನನ್ನು ಯಾರೂ ಕೇಳ್ಲಿಲ್ಲ. ಸೇರಿಸುವಾಗಲೂ ಕೇಳ್ಲಿಲ್ಲ, ಬಿಡಿಸುವಾಗಲೂ ಕೇಳ್ಲಿಲ್ಲ" ಎಂದರು ಮಾಸ್ಟ್ರು.

ಅರುವತ್ತೈದರ ಸೆಪ್ಟೆಂಬರಿನಲ್ಲಿ, ಪಂಜಾಬಿನ ಗಡಿಯ ಯುದ್ಧದಲ್ಲಿ ಸಂಜೀವ ಮಡಿದ ಸುದ್ದಿ ಬಂತು. ವರದಿ ಬರೆದದ್ದು ನಾನೇ. ಹೆಸರು, ಊರು, ಶಾಲೆ, ವಯಸ್ಸು ಹತ್ತೊಂಬತ್ತು. ತಂತಿಯಲ್ಲಿ ಹಾಗಿತ್ತು, ಶಾಲೆಯೂ ಹಾಗೆಂದೇ ದೃಢಪಡಿಸಿತು.

ವರದಿ ಅಚ್ಚಾದ ದಿನ ಮಧ್ಯಾಹ್ನ ಮಾಸ್ಟ್ರು ಕಚೇರಿಗೆ ಬಂದರು. ಮೊದಲ ಸಲ ಅವರು ಮೊಣಕಾಲು ಬಗ್ಗಿಸದೆ ನೆಟ್ಟಗೆ ನಿಂತದ್ದನ್ನು ಕಂಡೆ.

"ತಿದ್ದುಪಡಿ ಹಾಕಿ. ಹತ್ತೊಂಬತ್ತು ಅಲ್ಲ. ಹದಿನೆಂಟೂ ತುಂಬಿರ್ಲಿಲ್ಲ. ದೀಪಾವಳಿಯ ಹಿಂದಿನ ದಿನ ಹುಟ್ಟಿದ್ದು ಅಂತ ಶಾಲೆಗೆ ಸೇರಿಸಿದ ದಿನ ತಾಯಿ ನನಗೆ ಹೇಳಿದ್ದರು. ತಪ್ಪು ಬರೆದವ ನಾನು, ಅದನ್ನೂ ಹಾಕಿ."

"ಆಧಾರ ಬೇಕಲ್ಲ ಮಾಸ್ಟ್ರೇ."

"ನಾನೇ ಇದ್ದೇನಲ್ಲ."

ಒಬ್ಬರ ಮಾತಿನ ಮೇಲೆ ದಾಖಲೆಯನ್ನು ತಿದ್ದುವಂತಿಲ್ಲ ಎಂಬುದು ನಮ್ಮ ನಿಯಮ. ತಾಯಿ ಹೇಳಿದರೆ ಹಾಕಬಹುದು ಎಂದೆ. ಭಾನುವಾರ ಬೆಳಗ್ಗೆ ಇಬ್ಬರೂ ಕುಲಶೇಖರಕ್ಕೆ ಹೋದೆವು.

ಗಿರಿಜಕ್ಕ ಚಾಪೆಯಿಂದ ಎದ್ದು ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಮಾಸ್ಟ್ರಿಗೆ ಕೊಟ್ಟರು. ಅವರು ಕುಳಿತುಕೊಳ್ಳಲಿಲ್ಲ. ನಾನು ನೋಟ್‌ಬುಕ್ ತೆಗೆದು, ಸಂಜೀವ ಹುಟ್ಟಿದ್ದು ಯಾವ ದಿನ ಎಂದು ಕೇಳಿದೆ.

"ಜೂನ್ ಒಂದು, ನಲವತ್ತಾರು."

"ದೀಪಾವಳಿಯ ಹಿಂದಿನ ದಿನ ಅಂತ ನೀವೇ ಹೇಳಿದ್ದು ಗಿರಿಜಕ್ಕ" ಎಂದರು ಮಾಸ್ಟ್ರು. "ಸ್ವಾತಂತ್ರ್ಯ ಬಂದ ವರ್ಷ."

"ಅದು ಓದು ಬಾರದವಳ ಮಾತು ಮಾಸ್ಟ್ರೇ. ನೀವು ಬರ್ದ ಮೇಲೆ ಅದೇ ದಿನ. ವರ್ಷ ವರ್ಷ ಜೂನ್ ಒಂದಕ್ಕೆ ಪಾಯಸ ಮಾಡ್ತಿದ್ದೆ. ಪಟ್ಟಾಳಕ್ಕೆ ಸೇರಿದ ಮೇಲೂ ಕಾಗದ ಬರೀತಿದ್ದ, ಪಾಯಸ ಮಾಡಿದ್ರಾ ಅಂತ."

"ನಾನು ಸುಳ್ಳು ಬರ್ದದ್ದು ಗಿರಿಜಕ್ಕ. ಅವನಿಗೆ ವಯಸ್ಸಾಗಿರ್ಲಿಲ್ಲ. ಇನ್ನೊಬ್ಬನಿಗೆ ಬರ್ದು ಕೊಟ್ಟೆ, ಬಿಟ್ರು. ಸಂಜೀವನಿಗೆ ಬರೀಲಿಲ್ಲ."

ಗಿರಿಜಕ್ಕ ಮಾಸ್ಟ್ರನ್ನು ನೋಡಿದರು. ಮುದುಕರಿಗೆ ದುಃಖದಲ್ಲಿ ಮಾತು ತಪ್ಪುತ್ತಿದೆ ಎಂದು ಅವರು ತಿಳಿದಂತಿತ್ತು.

"ನೀವು ಯಾಕೆ ಹಾಗೆ ಹೇಳ್ತೀರಿ? ಅವ ಹೊರಡುವ ಮೊದಲು ನಾನು ಅವನನ್ನು ಕೇಳಿದ್ದೆ, ಹೋಗುವುದು ಸರಿಯಾ ಮಗ ಅಂತ. ಮಾಸ್ಟ್ರೇ ಹೆಸರು ಕರೆದ್ರು ಅಮ್ಮ ಅಂದ. ನೀವು ಕರೆದ ಮೇಲೆ ನಾನು ಬೇಡ ಅನ್ನುವುದುಂಟಾ?"

ಒಳಗಿನಿಂದ ನೀರು ತಂದು, ಲೋಟವನ್ನು ತಾವೇ ಮಾಸ್ಟ್ರ ಕೈಗೆ ಹಿಡಿಸಿದರು. ಅವರು ಕುಡಿದು ಮುಗಿಸುವ ತನಕ ಲೋಟಕ್ಕೆ ತಮ್ಮ ಕೈ ಆಸರೆ ಕೊಟ್ಟಿದ್ದರು.

ದಾಖಲೆಯೂ ತಾಯಿಯೂ ಒಂದೇ ತಾರೀಕು ಹೇಳಿದ ಮೇಲೆ ಪತ್ರಿಕೆಗೆ ಬೇರೆ ದಾರಿ ಇಲ್ಲ. ತಿದ್ದುಪಡಿ ಹಾಕಲಿಲ್ಲ. ಅದನ್ನು ಹಿಂದಿರುಗುವ ದಾರಿಯಲ್ಲಿ ಅವರಿಗೆ ಹೇಳಿದೆ. ಅವರು ವಾದ ಮಾಡಲಿಲ್ಲ. ಆಮೇಲೆ, ಪಾಠ ಅರ್ಥವಾಗದ ಮಗು ಕೇಳುವಂತೆ ಕೇಳಿದರು.

"ಹೆಡ್‌ಮಾಸ್ಟ್ರು ನಂಬ್ಲಿಲ್ಲ. ನೀವು ಹಾಕ್ಲಿಲ್ಲ. ಗಿರಿಜಕ್ಕನೂ ನಂಬ್ಲಿಲ್ಲ. ಇನ್ನು ನಾನು ಯಾರ ಹತ್ರ ಹೇಳುವುದು ಮಾರಾಯ್ರೆ?"

ಅವರು ತೀರಿಕೊಳ್ಳುವವರೆಗೆ ಇನ್ನೂ ನಾಲ್ಕು ವರ್ಷ ನಾವು ಅಕ್ಕಪಕ್ಕದಲ್ಲೇ ಇದ್ದೆವು. ಅವರು ಮತ್ತೆ ಕೇಳಲಿಲ್ಲ, ನಾನು ಉತ್ತರ ಕೊಡಲಿಲ್ಲ.